ಮಂಡಿಗೆ ಪಟ್ಟಿ: ಯಾವ ಮಂಡಿಗೆ, ಯಾವ ಹೊತ್ತಿಗೆ?

ಮಂಡಿನೋವಿನ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದನ್ನೇ ಕೇಳುತ್ತವೆ: ನೀ ಕ್ಯಾಪ್ ಹಾಕಬೇಕೇ, ಬೇಡವೇ? ಸರದಿ ತಪ್ಪಿಸಿ, ಕಾಯಿಸಬಾರದ ಒಂದು ಪತ್ರವನ್ನು ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ, ಆಟೊ ಓಡಿಸುತ್ತೇನೆ. ಹದಿನೈದು ವರ್ಷದಿಂದ ಶುಗರ್ ಇದೆ. ಎಡಮಂಡಿಗೆ ಬಿಗಿಯಾಗಿ ಪಟ್ಟಿ ಹಾಕಿಕೊಂಡೇ ದಿನವಿಡೀ ಗಾಡಿಯಲ್ಲಿರುತ್ತೇನೆ. ನಾಲ್ಕು ದಿನದಿಂದ ಮೀನಖಂಡ ಊದಿ ಬಿಸಿಯಾಗಿದೆ, ಮಂಡಿಯ ಹಿಂದೆ ಚರ್ಮ ಸುಲಿದಿದೆ. ಪಟ್ಟಿ ಇನ್ನೂ ಬಿಗಿ ಮಾಡಬೇಕಾ ಸಾರ್?
– ಮೂಡಲಪಾಳ್ಯದ ಓದುಗರು

ಉತ್ತರ: ಬಿಗಿ ಮಾಡಬೇಡಿ, ತೆಗೆದುಬಿಡಿ. ಪತ್ರಿಕೆ ಅಚ್ಚಾಗಿ ಬರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಕಚೇರಿಯವರಿಂದ ನಿಮಗೆ ಫೋನ್ ಮಾಡಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಬೇರೆಯವರಿಗಾಗಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದೇ ದಿನ ಆಸ್ಪತ್ರೆಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ಎದೆನೋವು, ಏದುಸಿರು ಕಾಣಿಸಿಕೊಂಡರೆ ಒಂದು ಗಂಟೆಯೂ ಕಾಯಬಾರದು. ಇನ್ನು ಚರ್ಮ ಸುಲಿದದ್ದು: ಬಹಳ ವರ್ಷ ಶುಗರ್ ಇದ್ದವರ ಕಾಲಿಗೆ ಸ್ಪರ್ಶ ಮಂದವಾಗಿರುತ್ತದೆ, ಪಟ್ಟಿ ಉಜ್ಜಿದ್ದು ಗೊತ್ತೇ ಆಗುವುದಿಲ್ಲ. ಅಂಥವರು ಪಟ್ಟಿ ಬಿಚ್ಚಿದಾಗಲೆಲ್ಲ ಮಂಡಿಯ ಹಿಂಭಾಗವನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಗೆ ತೋರಿಸಬೇಕು. ಕೂತು ಗಾಡಿ ಓಡಿಸುವಾಗ ಮೈಭಾರ ಮಂಡಿಯ ಮೇಲೆ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಪಟ್ಟಿಗೆ ಕೆಲಸವೂ ಇಲ್ಲ.

ಪ್ರಶ್ನೆ: ವಯಸ್ಸು 61. ಮೇಲಿನ ಮನೆಯಲ್ಲಿ ನಾವಿದ್ದೇವೆ, ಕೆಳಗೆ ಬಾಡಿಗೆಗೆ ಕೊಟ್ಟಿದ್ದೇವೆ. ಎರಡು ವರ್ಷದಿಂದ ಮಂಡಿನೋವು. ಎಕ್ಸ್‌ರೇ ನೋಡಿ ‘ಚಿಪ್ಪು ಸವೆದಿದೆ, ಗ್ರೇಡ್ 3’ ಎಂದರು. ಮಾರುತಿ ಮಂದಿರದ ಹತ್ತಿರದ ಮೆಡಿಕಲ್ ಸ್ಟೋರಿನಿಂದ ನೀ ಕ್ಯಾಪ್ ತಂದು ಹಗಲೂ ರಾತ್ರಿ ಹಾಕಿಕೊಂಡೆ. ಮೊದಲ ವಾರ ಹಾಯೆನಿಸಿತು, ಈಗ ಏನೂ ವ್ಯತ್ಯಾಸವಿಲ್ಲ. ಅಮೆರಿಕದಲ್ಲಿರುವ ಮಗಳು ಕಬ್ಬಿಣದ ಪಟ್ಟಿ ಇರುವ ದೊಡ್ಡ ಬ್ರೇಸ್ ಕಳಿಸುತ್ತೇನೆ ಎನ್ನುತ್ತಿದ್ದಾಳೆ. ತರಿಸಲೇ?
– ಗೃಹಿಣಿ, ಹಂಪಿನಗರ

ಉತ್ತರ: ಮೊದಲು ರಾತ್ರಿ ಹಾಕುವುದನ್ನು ಬಿಡಿ ತಾಯಿ. ಮಲಗಿದ ಮಂಡಿಗೆ ಆಸರೆ ಬೇಡ.

‘ನೀ ಕ್ಯಾಪ್’ ಎನ್ನುವ ಒಂದೇ ಹೆಸರಿನಲ್ಲಿ ಅಂಗಡಿಯವರು ಎರಡು ಮೂರು ಬೇರೆ ಬೇರೆ ವಸ್ತು ಮಾರುತ್ತಾರೆ. ನೀವು ತಂದದ್ದು ಎಲಾಸ್ಟಿಕ್ ಅಥವಾ ನಿಯೋಪ್ರೀನ್ ತೋಳು. ಅದು ಮಂಡಿಯನ್ನು ಬೆಚ್ಚಗಿಡುತ್ತದೆ, ಹಗುರಾಗಿ ಒತ್ತಿ ಹಿಡಿಯುತ್ತದೆ, ಕಾಲು ಎಲ್ಲಿದೆ ಎಂಬ ಅರಿವನ್ನು ಮೆದುಳಿಗೆ ಸ್ವಲ್ಪ ಚುರುಕಾಗಿ ಮುಟ್ಟಿಸುತ್ತದೆ. ಮೊದಲ ವಾರ ನಿಮಗೆ ಸಿಕ್ಕಿದ ಧೈರ್ಯ ಅದರದೇ. ಸುಳ್ಳಲ್ಲ. ಆದರೆ ಮೈಭಾರವನ್ನು ಅದು ಒಂದು ಗ್ರಾಂನಷ್ಟೂ ಆಚೆ ಸರಿಸುವುದಿಲ್ಲ. ಚಿಪ್ಪಿನ ಜಾಗಕ್ಕೆ ತೂತು ಇರುವ ಇನ್ನೊಂದು ಬಗೆಯಿದೆ. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ನೋಯುವವರಿಗೆ ಅದರಿಂದ ಕೆಲವೊಮ್ಮೆ ಅನುಕೂಲವಾಗುತ್ತದೆ.

ಮಗಳು ಹೇಳುತ್ತಿರುವುದು ಮೂರನೆಯದು, ಅನ್‌ಲೋಡರ್ ಬ್ರೇಸ್. ಅದು ಏನು ಮಾಡುತ್ತದೆ ಎಂದು ತಿಳಿಯಲು ಮಂಡಿಯೊಳಗೆ ಒಮ್ಮೆ ಇಣುಕಬೇಕು. ‘ಚಿಪ್ಪು ಸವೆದಿದೆ’ ಎಂದು ನಾವೆಲ್ಲ ಹೇಳಿದರೂ ಬಹುತೇಕರಲ್ಲಿ ಸವೆದಿರುವುದು ಚಿಪ್ಪಲ್ಲ, ತೊಡೆಮೂಳೆ ಮತ್ತು ಕಾಲುಮೂಳೆ ಸೇರುವಲ್ಲಿನ ಮೃದ್ವಸ್ಥಿ, ಅದರಲ್ಲೂ ಒಳಪಕ್ಕದ್ದು. ನಡೆಯುವಾಗ ಬೀಳುವ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಆರೋಗ್ಯವಂತ ಮಂಡಿಯಲ್ಲೂ ಈ ಒಳಪಕ್ಕವೇ ಹೊರುತ್ತದೆ. ಅಲ್ಲಿ ಸವೆದಂತೆ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತದೆ. ಬಾಗಿದಷ್ಟೂ ಒಳಪಕ್ಕಕ್ಕೆ ಇನ್ನಷ್ಟು ಭಾರ. ಅನ್‌ಲೋಡರ್ ಬ್ರೇಸು ತೊಡೆ, ಮಂಡಿ, ಮೀನಖಂಡ ಹೀಗೆ ಮೂರು ಕಡೆ ಒತ್ತಿ, ಬಾಗಿದ ಗಿಡಕ್ಕೆ ಕಡ್ಡಿ ಕಟ್ಟಿದ ಹಾಗೆ, ನಡೆಯುವಾಗ ಒಳಪಕ್ಕದ ಭಾರವನ್ನು ಸ್ವಲ್ಪ ಹೊರಪಕ್ಕಕ್ಕೆ ಹಂಚುತ್ತದೆ. ಬಿಚ್ಚಿಟ್ಟರೆ ಕಾಲು ಮತ್ತೆ ಮೊದಲಿನಂತೆಯೇ. ಅದರಿಂದ ಮೃದ್ವಸ್ಥಿ ಬೆಳೆಯುವುದಿಲ್ಲ.

ಹಾಗಾಗಿ ಅದು ನಿಮ್ಮ ಮಂಡಿಗೆ ಹೊಂದುತ್ತದೆಯೇ ಎಂಬುದು ನಿಮ್ಮ ನೋವು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕನ್ನಡಿಯ ಮುಂದೆ ಎರಡೂ ಪಾದ ಜೋಡಿಸಿ ನಿಂತು ನೋಡಿ. ಮಂಡಿಗಳ ನಡುವೆ ಮೂರು ನಾಲ್ಕು ಬೆರಳು ತೂರುವಷ್ಟು ಸಂದಿ ಇದೆಯೇ? ‘ಎಲ್ಲಿ ನೋವು’ ಎಂದರೆ ಮಂಡಿಯ ಒಳಪಕ್ಕವನ್ನು ಒಂದೇ ಬೆರಳಿನಲ್ಲಿ ತೋರಿಸುತ್ತೀರೋ, ಇಡೀ ಮಂಡಿಗೆ ಅಂಗೈ ಸುತ್ತುತ್ತೀರೋ? ಸಂದಿ ಇದ್ದು ಒಂದು ಬೆರಳು ಸಾಕಾದವರಿಗೆ ಈ ಬ್ರೇಸು ಪ್ರಯತ್ನಿಸಲು ಯೋಗ್ಯ. ಮಂಡಿ ಸುತ್ತಲೂ ನೋಯುವವರಿಗೆ, ಎಲ್ಲ ಭಾಗಗಳೂ ಸವೆದವರಿಗೆ ನಾನು ಬರೆದುಕೊಡುವುದಿಲ್ಲ.

ಗ್ರೇಡ್ 3 ಎಂಬ ಮಾತಿಗೆ ಅಷ್ಟು ಹೆದರಬೇಡಿ. ಸೊನ್ನೆಯಿಂದ ನಾಲ್ಕರವರೆಗಿನ ಈ ಲೆಕ್ಕ 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ಎಕ್ಸ್‌ರೇ ಓದಲು ಮಾಡಿಕೊಟ್ಟದ್ದು. ನೋವನ್ನು ಅಳೆಯಲು ಅಲ್ಲ. ಗ್ರೇಡ್ 4 ಇಟ್ಟುಕೊಂಡು ಆರಾಮವಾಗಿ ಮಾರ್ಕೆಟ್ಟಿಗೆ ಹೋಗಿ ಬರುವವರಿದ್ದಾರೆ, ಗ್ರೇಡ್ 2ಕ್ಕೇ ಮಂಚ ಹಿಡಿದವರೂ ಇದ್ದಾರೆ. ನಿಮ್ಮ ಎಕ್ಸ್‌ರೇ ನಿಂತಾಗ ತೆಗೆದದ್ದೋ ಮಲಗಿದಾಗಲೋ, ಅದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ. ಮಲಗಿ ತೆಗೆಸಿದರೆ ಮೂಳೆಗಳ ನಡುವಿನ ಅಂತರ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು.

ಪ್ರಪಂಚದ ತಜ್ಞರು ಏನು ಹೇಳುತ್ತಾರೆ ಎಂದು ಮಗಳು ಖಂಡಿತ ಕೇಳುತ್ತಾಳೆ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ, ನಡಿಗೆಗೆ, ಮಂಡಿಯ ಸ್ಥಿರತೆಗೆ ತೊಂದರೆಯಾಗುವಷ್ಟು ಸವೆತವಿದ್ದವರಿಗೆ ಬ್ರೇಸನ್ನು ಬಲವಾಗಿಯೇ ಶಿಫಾರಸು ಮಾಡಿದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2022ರಲ್ಲಿ, ಎಲ್ಲರಿಗೂ ಕೊಡುತ್ತಾ ಹೋಗಬೇಡಿ, ಮಂಡಿ ವಾಲುತ್ತಿದ್ದರೆ ಅಥವಾ ಭಾರ ಸರಿಯಾಗಿ ಬೀಳದಿದ್ದರೆ, ಮತ್ತು ಬ್ರೇಸಿಲ್ಲದೆ ವ್ಯಾಯಾಮ ಆಗದಿದ್ದರೆ ಮಾತ್ರ ಕೊಡಿ ಎಂದಿತು. ನನ್ನ ಒಲವು ಬ್ರಿಟಿಷರ ಕಡೆಗೆ. ಕಪಾಟಿನಲ್ಲಿ ಸೀರೆಗಳ ಕೆಳಗೆ ಮಲಗಿರುವ ಬ್ರೇಸುಗಳನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಒಂದು ನನ್ನ ತಾಯಿಯದು, ಕೊಡಿಸಿದವನು ನಾನೇ.

ಅದು ಕಪಾಟು ಸೇರುವುದಕ್ಕೆ ಕಾರಣ ಅಳತೆ. ಮಂಡಿ ಚಿಪ್ಪಿನ ನಡುವಿನಿಂದ ಸುಮಾರು 15 ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ, ಅಷ್ಟೇ ಕೆಳಗೆ ಮೀನಖಂಡದ ಸುತ್ತಳತೆ ತೆಗೆಯಬೇಕು, ನಿಂತುಕೊಂಡೇ. ಎಡಗಾಲೋ ಬಲಗಾಲೋ, ಸವೆದಿರುವುದು ಒಳಪಕ್ಕವೋ ಹೊರಪಕ್ಕವೋ ಎಂಬುದು ಸ್ಪಷ್ಟವಿರಬೇಕು. ತಪ್ಪು ಪಕ್ಕದ್ದು ಬಂದರೆ ಸವೆದ ಕಡೆಗೇ ಇನ್ನಷ್ಟು ಭಾರ ಹಾಕಿದಂತೆ. ಕಡಲಾಚೆಯಿಂದ ಬಂದ ಪೆಟ್ಟಿಗೆಯನ್ನು ಬದಲಾಯಿಸುವುದು ಹೇಗೆ? ಮಗಳಿಗೆ ದುಡ್ಡು ಕಳಿಸಲು ಹೇಳಿ, ಇಲ್ಲೇ ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು ನೋಡಿ ಕೊಳ್ಳಿ. ತೋಳಿನಂಥದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅನ್‌ಲೋಡರ್‌ಗೆ ಸಾವಿರಗಳಲ್ಲಿ ತೆರಬೇಕು. ಸೀರೆ ಉಡುವವರು ಲಂಗದ ಮೇಲೆ ಕಟ್ಟಿದರೆ ಎರಡೇ ನಿಮಿಷದಲ್ಲಿ ಜಾರುತ್ತದೆ. ಒಳಗೆ ತೆಳು ಹತ್ತಿಯ ಲೆಗ್ಗಿಂಗ್ಸ್ ಹಾಕಿ ಅದರ ಮೇಲೆ ಕಟ್ಟಿ. ಏಪ್ರಿಲ್ ಸೆಕೆಯಲ್ಲಿ ಬೆವರಿನಿಂದ ಗುಳ್ಳೆ ಏಳುವುದೂ ಇದರಿಂದ ಕಡಿಮೆಯಾಗುತ್ತದೆ. ಮೊದಲ ದಿನ ಒಂದು ಗಂಟೆ ಸಾಕು, ಆಮೇಲೆ ನಿಧಾನವಾಗಿ ಹೆಚ್ಚಿಸಿ. ತರಕಾರಿಗೆ ಹೋಗುವಾಗ, ವಾಕಿಂಗ್‌ಗೆ, ಮದುವೆ ಮನೆಗೆ ಹಾಕಿಕೊಳ್ಳಿ. ಕೂತು ಟಿವಿ ನೋಡುವಾಗ ಬಿಚ್ಚಿಡಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ಸಿಟ್ಟು ತರಿಸುವ ಒಂದು ಮಾತು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ತಾವು ಮೇಲೆ ಸೇರಿಕೊಂಡು ಕೆಳಗಿನದನ್ನು ಬಾಡಿಗೆಗೆ ಕೊಡುವುದು ಬೆಂಗಳೂರಿನ ನಮ್ಮ ವಿಜಯನಗರದ ರೂಢಿ. ಅರವತ್ತು ದಾಟಿದ ಮಂಡಿಗೆ ಬ್ರೇಸಿಗಿಂತ ದೊಡ್ಡ ಔಷಧ ಆ ಕೆಳಗಿನ ಮನೆ. ಬಾಡಿಗೆಯವರ ಕರಾರು ಮುಗಿಯುವ ತಿಂಗಳು ಯಾವುದು ನೋಡಿ.

ಪ್ರಶ್ನೆ: ಪಟ್ಟಿ ಹಾಕಿ ಹಾಕಿ ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಅದಿಲ್ಲದೆ ನಡೆಯಲಾಗುವುದಿಲ್ಲ ಎಂದು ಪಕ್ಕದ ಮನೆಯವರು ನಮ್ಮ ಅಮ್ಮನಿಗೆ ಹೇಳಿದ್ದಾರೆ. ನಿಜವೇ?
– ಚಂದ್ರಾ ಲೇಔಟ್

ಉತ್ತರ: ಪಟ್ಟಿ ಹಾಕಿ ನಡೆದರೆ ಸ್ನಾಯು ಸೊರಗುವುದಿಲ್ಲ. ಪಟ್ಟಿ ಹಾಕಿ ಕೂತರೆ ಸೊರಗುತ್ತದೆ, ಹಾಕದೆ ಕೂತರೂ ಅಷ್ಟೇ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವೇ ಮಂಡಿಯ ಹುಟ್ಟು ಬ್ರೇಸು. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂರಲಿ, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಅದನ್ನು ಒತ್ತಿ ಐದು ಎಣಿಸಿ ಸಡಿಲಿಸಲಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಇನ್ನೊಂದು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಮಂಡಿ ಊದಿದರೆ ಎಣಿಕೆ ಕಡಿಮೆ ಮಾಡಿ, ಬಿಟ್ಟುಬಿಡಬೇಡಿ.

ತೂಕದ ಮಾತನ್ನು ಎಲ್ಲ ಡಾಕ್ಟರೂ ಹೇಳುತ್ತಾರೆ, ಲೆಕ್ಕ ಮಾತ್ರ ಹೇಳುವುದಿಲ್ಲ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೂರು ಕಿಲೋ ಇಳಿಸಿ, ಮನೆಯೊಳಗೇ ದಿನಕ್ಕೆ ಎರಡು ಸಾವಿರ ಹೆಜ್ಜೆ ಹಾಕುವವರು ಗುಣಿಸಿ ನೋಡಿ. ಇನ್ನೊಂದು ಅಗ್ಗದ ಬ್ರೇಸು ಊರುಗೋಲು. ನೋಯುವ ಕಾಲಿನ ಕಡೆ ಅಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ‘ಕೋಲು ಹಿಡಿದರೆ ಮುದುಕಿ ಅಂತಾರೆ’ ಎಂದು ಅಮ್ಮ ಒಪ್ಪಲಿಕ್ಕಿಲ್ಲ. ಉದ್ದ ಹಿಡಿಕೆಯ ಛತ್ರಿ ಕೊಡಿಸಿ, ತಳಕ್ಕೆ ರಬ್ಬರ್ ಬುಷ್ ಹಾಕಿಸಿ.

ಪ್ರಶ್ನೆ: ಬಸ್ಸು ಫ್ರೀ ಆದಮೇಲೆ ನಮ್ಮ ಭಜನಾ ಮಂಡಳಿಯವರೆಲ್ಲ ತಿಂಗಳಿಗೊಂದು ಕ್ಷೇತ್ರ ಎಂದು ಹೊರಡುತ್ತೇವೆ. ಮುಂದಿನದು ಮೈಸೂರು ಮತ್ತು ಶ್ರವಣಬೆಳಗೊಳ. ಬ್ರೇಸ್ ಹಾಕಿಕೊಂಡರೆ ಬೆಟ್ಟ ಹತ್ತಬಹುದೇ? ವಯಸ್ಸು 64.
– ಆರ್‌ಪಿಸಿ ಲೇಔಟ್

ಉತ್ತರ: 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಸೋಮವಾರದ ಮಂಡಿಗಳ ಸಂಖ್ಯೆ ಹೆಚ್ಚಿದೆ. ಆದರೂ ದೂರುವುದಿಲ್ಲ, ಮನೆಯಲ್ಲಿ ಕೂತು ನೋಯುವುದಕ್ಕಿಂತ ತಿರುಗಾಡಿ ನೋಯುವುದು ಲೇಸು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಬಿಡಿ, ಬಸ್ಸು ಗುಡಿಯ ಹತ್ತಿರಕ್ಕೇ ಹೋಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಿನಲ್ಲಿ. ಅಲ್ಲಿ ಡೋಲಿ ಇದೆ, ನಾಚಿಕೆ ಬೇಡ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ, ಬ್ರೇಸು ಹಾಕಿದ ಧೈರ್ಯದಲ್ಲಿ ಹತ್ತಿದವರಿಗೆ ಅದು ತಿಳಿಯುವುದು ಮೇಲೆ ಹೋದಮೇಲೆ. ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವಾಗ ಬ್ರೇಸು ಖಂಡಿತ ಹಾಕಿ. ಹೊಸದಾಗಿ ಕೊಂಡದ್ದನ್ನು ಯಾತ್ರೆಯ ದಿನವೇ ಮೊದಲ ಸಲ ಕಟ್ಟಬೇಡಿ. ಊರಿಗೆ ಬಂದಮೇಲೂ ಅಷ್ಟೇ: ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಹುಡುಗರ ಜೊತೆ ಮೆಟ್ಟಿಲಲ್ಲಿ ಪೈಪೋಟಿಯೂ ಬೇಡ.

ಪ್ರಶ್ನೆ: ಬ್ರೇಸ್ ಹಾಕಿದರೆ ಆಪರೇಷನ್ ತಪ್ಪುತ್ತದೆಯೇ?
– ನಿವೃತ್ತ ಶಿಕ್ಷಕ, ಬಸವೇಶ್ವರನಗರ

ಉತ್ತರ: ಕೆಲವರಿಗೆ ಮುಂದಕ್ಕೆ ಹೋಗುತ್ತದೆ. ತಪ್ಪಿಯೇ ತಪ್ಪುತ್ತದೆ ಎಂದು ಮಾತು ಕೊಡಲಾರೆ. ರಾತ್ರಿ ನೋವಿನಿಂದ ನಿದ್ದೆ ಬಾರದಿದ್ದರೆ, ಮನೆಯೊಳಗೆ ಓಡಾಡುವುದೇ ಕಷ್ಟವಾಗಿದ್ದರೆ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ಪ್ರಯೋಜನ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ಮಾತನ್ನು ಮುಂದೂಡಬೇಡಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗಿ ಕಿಡ್ನಿ ಕೆಡಿಸಿಕೊಂಡು ಬಂದವರಿಗೆ ಆಪರೇಷನ್ ಮಾಡುವುದು ಇನ್ನೂ ಕಷ್ಟ. ನೋವಿಗೆ ಮೊದಲು ಡೈಕ್ಲೋಫಿನ್ಯಾಕ್ ಜೆಲ್ ಸವರಿ ನೋಡಿ. ಖರ್ಚಿನ ಬಗ್ಗೆ ಒಂದು ಮಾತು: 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಆ ಮಿತಿ ಒಳಗೆ ಕೂರಿಸುವ ಕೀಲಿಗೆ ಮಾತ್ರ, ಆಸ್ಪತ್ರೆಯ ಕೋಣೆಗೂ ಥಿಯೇಟರಿಗೂ ಅಲ್ಲ. ಎಸ್ಟಿಮೇಟ್ ಕೇಳುವಾಗ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.

ಪ್ರಶ್ನೆ: ಟಿವಿಯಲ್ಲಿ ತೋರಿಸುವ ಮ್ಯಾಗ್ನೆಟ್ ಬೆಲ್ಟ್ ತರಿಸಬಹುದೇ?
– ಗೋವಿಂದರಾಜನಗರ

ಉತ್ತರ: ಬೇಡ. ಆ ದುಡ್ಡಿನಲ್ಲಿ ಬಚ್ಚಲಮನೆಯ ಗೋಡೆಗೆ ಒಂದು ಸ್ಟೀಲ್ ಹಿಡಿ ಹಾಕಿಸಿ, ಕಮೋಡಿನ ಬಲಗಡೆಗೆ.