ವಿದ್ಯಾರ್ಥಿಯೂ ಲ್ಯಾಪ್‌ಟಾಪಿನ ಆಯ್ಕೆಯೂ

ವಿದ್ಯಾರ್ಥಿಗೆ ಓದಿನಂತೆಯೇ ಆಟವೂ ಬೇಕು. ಆ ಆಟದ ಒಂದು ಪಾಲು ಈಗ ಬಯಲನ್ನು ಬಿಟ್ಟು ಕಂಪ್ಯೂಟರಿನ ಪರದೆಯನ್ನು ಸೇರಿದೆ. ಇದು ಒಳಿತೋ ಕೆಡಕೋ ಎಂಬುದನ್ನು ನಮ್ಮ ಚರ್ಚಾಕೂಟಕ್ಕೆ ಬಿಡುತ್ತೇನೆ. ಐವತ್ತು ಅರವತ್ತು ಸಾವಿರ ರೂಪಾಯಿಗಳ ಮಿತಿಯಲ್ಲಿ ಓದಿಗೂ ಆಟಕ್ಕೂ ಒದಗುವ ಲ್ಯಾಪ್‌ಟಾಪನ್ನು ಆರಿಸುವ ಬಗೆ ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇದು ಒಂದು ಬೆಳೆಯ ಹಣ. ಒಮ್ಮೆ ಕೊಟ್ಟರೆ ಮತ್ತೆ ಬೇಗನೆ ಕೈಗೆ ಬರತಕ್ಕದ್ದಲ್ಲ.

ಮೊದಲು ನಿಶ್ಚಯಿಸಬೇಕಾದುದು ಯಂತ್ರವನ್ನಲ್ಲ, ಆಟವನ್ನು. 2020ರಲ್ಲಿ ಎರಡು ಆಟಗಳು ಹೊರಬಂದುವು. ಅವುಗಳಲ್ಲಿ ವ್ಯಾಲರಂಟ್ ಬಹು ಹಗುರವಾದುದು. ಪ್ರೊಸೆಸರಿನೊಳಗೇ ಅಡಕವಾಗಿರುವ ಸಾಧಾರಣ ಗ್ರಾಫಿಕ್ಸಿನಲ್ಲಿಯೂ ಅದು ನಡೆಯುತ್ತದೆ. ಸೈಬರ್‌ಪಂಕ್ 2077 ಎಂಬುದಾದರೋ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನೂ ಎಸ್‌ಎಸ್‌ಡಿಯಲ್ಲಿ 70 ಜಿಬಿ ಜಾಗವನ್ನೂ ಬಯಸುತ್ತದೆ. ಮೊದಲನೆಯದನ್ನು ಮಾತ್ರ ಆಡುವವರು ಎರಡನೆಯದಕ್ಕೆ ತಕ್ಕ ಯಂತ್ರವನ್ನು ಕೊಂಡರೆ ಹಣವೂ ವ್ಯರ್ಥ, ಹೊರುವ ಭಾರವೂ ಹೆಚ್ಚು. ಇನ್ನೊಂದು ಮಾತು: ವಿಂಡೋಸ್ ಇಲ್ಲದ ಯಂತ್ರಗಳು ತುಸು ಅಗ್ಗವಾಗಿ ದೊರೆಯುವುದುಂಟು. ಆದರೆ ವ್ಯಾಲರಂಟ್ ಲಿನಕ್ಸಿನಲ್ಲಿ ನಡೆಯುವುದಿಲ್ಲ.

ಆಟ ನಿಶ್ಚಯವಾದ ಮೇಲೆ ನಾನು ಮುಖ್ಯವೆಂದು ಭಾವಿಸುವ ಸೂತ್ರ ಒಂದೇ: ಮುಂದೆ ಬದಲಾಯಿಸಲಾಗದ ಭಾಗಗಳಿಗೆ ಮೊದಲು ಹಣ ಹಾಕಬೇಕು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ. ರ್‍ಯಾಮನ್ನೂ ಎಸ್‌ಎಸ್‌ಡಿಯನ್ನೂ ಅನೇಕ ಮಾದರಿಗಳಲ್ಲಿ ಮುಂದೆ ಹೆಚ್ಚಿಸಿಕೊಳ್ಳಬಹುದು. ಎಲ್ಲ ಮಾದರಿಗಳಲ್ಲಿಯೂ ಅಲ್ಲ. ತೆಳ್ಳಗಿನವುಗಳಲ್ಲಿ ಕೆಲವೊಮ್ಮೆ ರ್‍ಯಾಮನ್ನೂ ಬೆಸೆದಿರುತ್ತಾರೆ. ಆದುದರಿಂದ ಖಾಲಿ ಸ್ಲಾಟ್ ಉಂಟೇ ಎಂದು ಅಂಗಡಿಯಲ್ಲಿ ಕೇಳಲು ಸಂಕೋಚಪಡಬಾರದು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರವು ಚಿತ್ರ ಮೂಡಿಸಲು ರ್‍ಯಾಮನ್ನೇ ಬಳಸಿಕೊಳ್ಳುತ್ತದೆ. ಅಲ್ಲಿ 16 ಜಿಬಿಯ ಒಂದೇ ತುಂಡಿಗಿಂತ 8 ಜಿಬಿಯ ಎರಡು ತುಂಡುಗಳಿದ್ದರೆ ದತ್ತಾಂಶಕ್ಕೆ ಎರಡು ಹಾದಿಗಳು ದೊರೆತು ಆಟ ಸರಾಗವಾಗುತ್ತದೆ.

ಇನ್ನು ಹೆಸರಿನ ವಿಚಾರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಎಎಂಡಿ ಸಂಸ್ಥೆಯ ರೈಜನ್ 7000 ಸಾಲಿನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ 7520ಯು, 7530ಯು, 7540ಯು ಎಂಬವುಗಳಿವೆ. ಮೇಲುನೋಟಕ್ಕೆ ಮೂರೂ ಒಡಹುಟ್ಟಿದವು. ಆದರೆ ವಿನ್ಯಾಸದ ವಯಸ್ಸನ್ನು ಹೇಳುವುದು ಮೂರನೆಯ ಅಂಕಿ. 2 ಎಂದರೆ 2019ರಲ್ಲಿ ಬಂದ ಜೆನ್ 2. 3 ಎಂದರೆ 2020ರ ಜೆನ್ 3. 4 ಎಂದರೆ 2022ರ ಜೆನ್ 4. ಹೊಸ ಪೆಟ್ಟಿಗೆಯಲ್ಲಿ ಹಳೆಯ ವಿನ್ಯಾಸ ಬರುವುದು ಹೀಗೆ.

ಗ್ರಾಫಿಕ್ಸ್ ಚಿಪ್ಪಿನ ಕಥೆಯೂ ಇಂಥದೇ. ಎನ್‌ವಿಡಿಯ ಸಂಸ್ಥೆಯ ಆರ್‌ಟಿಎಕ್ಸ್ 3050 ಲ್ಯಾಪ್‌ಟಾಪ್ ಚಿಪ್ಪಿಗೆ ಯಂತ್ರ ತಯಾರಕರು 35ರಿಂದ 80 ವಾಟ್‌ವರೆಗೆ ತಮಗೆ ಬೇಕಾದಷ್ಟು ವಿದ್ಯುತ್ತನ್ನು ಗೊತ್ತುಮಾಡಬಹುದು. ಹೆಸರು ಒಂದೇ ಆದರೂ ವಾಟ್ ಕಡಮೆಯಾದರೆ ವೇಗವೂ ಕಡಮೆ. ಅದರ ಸ್ವಂತ ಮೆಮೊರಿ ಕೂಡ 4 ಜಿಬಿ, 6 ಜಿಬಿ ಎಂದು ಎರಡು ಬಗೆ. ಹೊಸ ದೊಡ್ಡ ಆಟಗಳಿಗೆ 4 ಜಿಬಿ ಇಕ್ಕಟ್ಟು. ಈ ಅಂಕಿಗಳು ಹೊರಗಿನ ಚೀಟಿಯಲ್ಲಿ ಇಲ್ಲದಿದ್ದರೆ ತಯಾರಕರ ವಿವರಪಟ್ಟಿಯಲ್ಲಿ ಹುಡುಕಬೇಕು.

ಪರದೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 144 ಹರ್ಟ್ಸ್ ಪರದೆ ಸೆಕೆಂಡಿಗೆ 144 ಚಿತ್ರಗಳನ್ನು ತೋರಬಲ್ಲುದು. ಚಿಪ್ಪು ನಲವತ್ತನ್ನೇ ಕೊಟ್ಟರೆ ಪರದೆಯಾದರೂ ಏನು ಮಾಡೀತು? ಪ್ರತ್ಯೇಕ ಚಿಪ್ಪಿನ ಯಂತ್ರಗಳು ಚಾರ್ಜರ್ ಕಿತ್ತೊಡನೆ ಆಟದಲ್ಲಿ ಸೊರಗುತ್ತವೆ ಎಂಬುದನ್ನು ಮಾತ್ರ, ಪದೇ ಪದೇ ಕರೆಂಟ್ ಹೋಗುವ ಊರಿನವರು ನೆನಪಿನಲ್ಲಿಡಬೇಕು.

ನಮ್ಮಂತಹ ಕಲಾವಿಭಾಗದವರ ಓದುಬರಹಕ್ಕೆ ಸಾಮಾನ್ಯ ಯಂತ್ರವೇ ಧಾರಾಳವಾಯಿತು. ಆದುದರಿಂದ ಹಗುರ ಆಟಗಳಲ್ಲಿ ತೃಪ್ತಿಯುಳ್ಳವರು ಪ್ರತ್ಯೇಕ ಚಿಪ್ಪಿನ ಆಸೆಯನ್ನು ಬಿಟ್ಟು ಒಳ್ಳೆಯ ಪ್ರೊಸೆಸರ್, ಬಾಳುವ ಬ್ಯಾಟರಿ, ಸುಖವಾದ ಕೀಲಿಮಣೆಗಳನ್ನು ನೋಡುವುದೇ ಲೇಸೆಂದು ನನ್ನ ಅಭಿಪ್ರಾಯ. ದೊಡ್ಡ ಆಟಗಳೇ ಬೇಕೆನ್ನುವವರು ಆಡುವ ಆಟದ ಹೆಸರು, ಪ್ರೊಸೆಸರಿನ ಮೂರನೆಯ ಅಂಕಿ, ಚಿಪ್ಪಿನ ವಾಟ್ ಮತ್ತು ಮೆಮೊರಿ, ಖಾಲಿ ಸ್ಲಾಟ್ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಲಿ. ಹಣ ಎಣಿಸಿಕೊಡುವ ಮೊದಲು ಆ ಚೀಟಿಯ ಪ್ರತಿಯೊಂದು ಸಾಲಿಗೂ ಉತ್ತರ ದೊರೆತಿರಬೇಕು.