ಗೇಟ್ ತೆರೆದಿತ್ತು, ರೈಲು ಬಂತು: ಪರಿಹಾರ ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಯಜಮಾನರು ಮರಗೆಲಸದವರು. ಮೂರು ತಿಂಗಳ ಹಿಂದೆ ಬಾಡಿಗೆ ಆಟೊದಲ್ಲಿ ಬರುವಾಗ ಊರಾಚೆಯ ರೈಲ್ವೆ ಗೇಟ್ ತೆರೆದೇ ಇತ್ತು. ಹಳಿ ದಾಟುವಷ್ಟರಲ್ಲಿ ರೈಲು ಬಂದು ಆಟೊದ ಹಿಂಭಾಗಕ್ಕೆ ಬಡಿಯಿತು. ಅವರ ಎಡಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು. ಪೊಲೀಸರು ಆಟೊದವನ ಮೇಲಷ್ಟೇ ಕೇಸು ಹಾಕಿದ್ದಾರೆ. ನೀವು ರೈಲಿನ ಪ್ರಯಾಣಿಕರಲ್ಲ, ರೈಲ್ವೆಯಿಂದ ಏನೂ ಸಿಗದು ಎನ್ನುತ್ತಾರೆ. ಆಟೊ ಮಾಲೀಕರು ಐವತ್ತು ಸಾವಿರ ಕೊಡುತ್ತೇವೆ, ರಾಜಿಪತ್ರಕ್ಕೆ ಸಹಿ ಹಾಕಿ ಎಂದು ದಿನವೂ ಬರುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಆ ರಾಜಿಪತ್ರಕ್ಕೆ ಸಹಿ ಹಾಕಬೇಡಿ. ಮನೆಯಲ್ಲಿ ದುಡಿಮೆ ನಿಂತಾಗ ಐವತ್ತು ಸಾವಿರ ದೊಡ್ಡ ಮೊತ್ತವೇ, ಒಪ್ಪುತ್ತೇನೆ. ಆದರೆ ಇನ್ನು ಯಾವ ತಕರಾರೂ ಇಲ್ಲವೆಂದು ಬರೆದುಕೊಟ್ಟರೆ, ನಾಳೆ ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಅದೇ ಕಾಗದವನ್ನು.

ನಿಮಗೆ ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. 1989ರ ರೈಲ್ವೆ ಕಾಯ್ದೆಯ 124 ಮತ್ತು 124ಎ ಕಲಂಗಳು ರೈಲಿನಲ್ಲಿ ಪ್ರಯಾಣಿಸುವವರಿಗಾಗಿ ಇರುವಂಥವು. ಹಾಗಾಗಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ ನಿಮ್ಮ ಅರ್ಜಿ ತೆಗೆದುಕೊಳ್ಳದು. ಆದರೆ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ ತೆಗೆದುಕೊಳ್ಳುತ್ತದೆ. 1979ರಲ್ಲಿ ಕೇರಳದ ಕಾವಲಿಲ್ಲದ ಗೇಟೊಂದರಲ್ಲಿ ಬಾಡಿಗೆ ವಾಹನಕ್ಕೆ ರೈಲು ಬಡಿದು ಹತ್ತಾರು ಜನ ಸತ್ತರು. ಆ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್, ವಾಹನದವರ ಜೊತೆಗೆ ರೈಲ್ವೆಯನ್ನೂ ಇದೇ ಮಂಡಳಿಯಲ್ಲಿ ಪ್ರತಿವಾದಿ ಮಾಡಬಹುದು ಎಂದಿತು. ತಪ್ಪು ರೈಲ್ವೆಯದೊಂದೇ ಎಂದು ಕೊನೆಗೆ ಸಾಬೀತಾದರೂ ಮಂಡಳಿಯ ಅಧಿಕಾರ ಹೋಗದು ಎಂದು 2002ರಲ್ಲಿ ಸ್ಪಷ್ಟಪಡಿಸಿತು. ನಿಮ್ಮ ಅರ್ಜಿಯಲ್ಲಿ ಆಟೊ ಮಾಲೀಕ, ಚಾಲಕ, ವಿಮಾ ಕಂಪನಿ, ರೈಲ್ವೆ ನಾಲ್ವರೂ ಇರಲಿ.

ಎಫ್‌ಐಆರ್‌ನಲ್ಲಿ ಆಟೊದವನ ಹೆಸರೊಂದೇ ಇದೆಯೆಂದು ಎದೆಗುಂದಬೇಡಿ. ತಪ್ಪು ಯಾರದೆಂದು ಮಂಡಳಿ ಸಾಕ್ಷ್ಯ ನೋಡಿ ತಾನೇ ತೀರ್ಮಾನಿಸುತ್ತದೆ. ನಿಮ್ಮವರು ಹಿಂದೆ ಕೂತಿದ್ದವರು, ಅವರ ತಪ್ಪೇನೂ ಇಲ್ಲ. ತಪ್ಪು ಇಬ್ಬರದೂ ಎಂದಾದರೆ ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದು.

ನನಗೆ ಆತಂಕ ಇರುವುದು ಸಾಕ್ಷ್ಯದ ಬಗ್ಗೆ. ಗೇಟ್ ತೆರೆದಿತ್ತು ಎಂಬುದೇ ನಿಮ್ಮ ಕೇಸಿನ ಜೀವ. ಗೇಟ್‌ಮನ್‌ಗೂ ಸ್ಟೇಷನ್ ಮಾಸ್ಟರಿಗೂ ನಡೆದ ಮಾತಿನ ದಾಖಲೆ, ಗೇಟಿನ ರಿಜಿಸ್ಟರ್, ಕ್ಯಾಮೆರಾ ಇದ್ದರೆ ಅದರ ದೃಶ್ಯ, ಇಲಾಖಾ ವಿಚಾರಣೆಯ ವರದಿ ಇವನ್ನೆಲ್ಲ ಕಾದಿಡಬೇಕೆಂದು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಇಂದೇ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಮಾಹಿತಿ ಹಕ್ಕಿನಡಿ ಪ್ರತಿ ಕೇಳಿ. ಅಂದು ಅಲ್ಲಿದ್ದವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಸತ್ತಾಗಲೂ ಗೇಟ್ ಮುಚ್ಚಿತ್ತೇ ಇಲ್ಲವೇ ಎಂಬುದೇ ಮೊದಲ ಪ್ರಶ್ನೆಯಾಗಿತ್ತು.

ಪರಿಹಾರ ಎಷ್ಟು? ಮೊತ್ತ ಹೇಳಲಾರೆ. ಆದರೆ ವೈದ್ಯರು ಬರೆಯುವ ಶೇಕಡಾವಾರು ಅಂಗವೈಕಲ್ಯವೇ ಕೊನೆಯ ಮಾತಲ್ಲ. ಎಡಗೈ ಹೋದವರು ಚಾಲಕರೋ ಬಡಗಿಯೋ ಆಗಿದ್ದರೆ ಗಳಿಕೆಯ ನಷ್ಟ ಹೆಚ್ಚುಕಡಿಮೆ ಪೂರ್ತಿ ಎಂದು ಎಣಿಸಬಹುದು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಉದಾಹರಣೆ ಸಹಿತ ಹೇಳಿದೆ. ನಿಮ್ಮ ಮನೆಯ ಕಥೆಯೇ ಅದು. ಅವರಿಗೆ ಕೆಲಸ ಕೊಟ್ಟಿದ್ದವರಿಂದ ಕೂಲಿಯ ಬಗ್ಗೆ ಬರೆಸಿಕೊಳ್ಳಿ. ಆಸ್ಪತ್ರೆ, ಔಷಧಿ, ಓಡಾಟದ ಚೀಟಿಗಳನ್ನೆಲ್ಲ ಜೋಪಾನ ಮಾಡಿ.

(ನಡೆದುಕೊಂಡೋ ಸೈಕಲ್ಲಿನಲ್ಲೋ ದಾಟುವಾಗ ಗಾಯಗೊಂಡವರಿಗೆ ಈ ಮಂಡಳಿಯ ದಾರಿ ಇಲ್ಲ. ಅವರು ರೈಲ್ವೆಗೆ ಎರಡು ತಿಂಗಳ ನೋಟಿಸ್ ಕೊಟ್ಟು ಸಿವಿಲ್ ದಾವೆ ಹೂಡಬೇಕು.)

ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬುದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ. ನಿಮಗೆ ಉಳಿದಿರುವುದು ಮೂರೇ ತಿಂಗಳು. ಅರ್ಜಿಯನ್ನು ನೀವು ವಾಸವಿರುವ ಜಾಗದ ಮಂಡಳಿಯಲ್ಲೇ ಹಾಕಬಹುದು. ವಕೀಲರ ಫೀಸಿನ ಚಿಂತೆ ಬೇಡ: ಹೆಂಗಸರಿಗೂ ಅಂಗವಿಕಲರಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಈ ವಾರವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.