ಪಂಪನ ಕರ್ಣ: ಪಡೆಯ ಊಳಿಗಕ್ಕೆ ಅರ್ಹತೆ ಯಾವುದು?

ಸೇನೆಗೆ ಸೇರಬಯಸುವವರಿಗೆ ಇಂದು ವಯಸ್ಸು, ವಿದ್ಯೆ, ದೇಹದಾರ್ಢ್ಯಗಳ ಅಳತೆಗಳಿವೆ. ಆಯುಧ ಹಿಡಿಯಲು ಯಾರು ಅರ್ಹರೆಂಬ ಪ್ರಶ್ನೆಯನ್ನು ಹತ್ತನೆಯ ಶತಮಾನದಲ್ಲಿಯೇ ಪಂಪನು ‘ವಿಕ್ರಮಾರ್ಜುನವಿಜಯ’ದಲ್ಲಿ (941) ಕರ್ಣನ ಮೂಲಕ ಎತ್ತಿದ್ದಾನೆ. ಪಂಪನು ಕವಿಯೂ ಹೌದು, ಕಲಿಯೂ ಹೌದು. ಅವನ ಒಡೆಯನಾದ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಆದುದರಿಂದ ಒಡೆಯ ಮತ್ತು ಆಳಿನ ಸಂಬಂಧವು ಅವನಿಗೆ ಬರಿಯ ಕಾವ್ಯವಸ್ತುವಾಗಿರಲಿಲ್ಲ.

1. ಪ್ರವೇಶ

ಶಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಕರ್ಣನು ಅರ್ಜುನನಿಗೆ ಸವಾಲು ಹಾಕುತ್ತಾನೆ. ಅವನ ಬಿಲ್ಗಾರಿಕೆಯನ್ನು ಪರೀಕ್ಷಿಸುವ ಮೊದಲೇ ಹಿರಿಯರು ಅವನ ಹುಟ್ಟನ್ನು ಕೆದಕುತ್ತಾರೆ. ವೀರನಿಗೆ ಶೌರ್ಯಕ್ಕಿಂತ ಬೇರೆ ಕುಲವಿಲ್ಲವೆಂದು ವಾದಿಸಿದ ದುರ್ಯೋಧನನು ಅಲ್ಲಿಯೇ ಅವನನ್ನು ಅಂಗರಾಜ್ಯಕ್ಕೆ ಒಡೆಯನನ್ನಾಗಿ ಮಾಡುತ್ತಾನೆ. ಕರ್ಣನ ಋಣ ಆರಂಭವಾಗುವುದು ಇಲ್ಲಿಂದ.

2. ಋಣ

ಈ ಋಣಕ್ಕೆ ಹಳಗನ್ನಡದ ಹೆಸರು ‘ಜೋಳದ ಪಾಳಿ’, ಅಂದರೆ ಉಂಡ ಅನ್ನಕ್ಕೆ ತಪ್ಪದೆ ನಡೆಯುವ ಧರ್ಮ. ಜೋಳ + ಪಾಳಿ ಸಮಾಸವಾದಾಗ ಪಕಾರಕ್ಕೆ ವಕಾರ ಆದೇಶವಾಗಿ ‘ಜೋಳವಾಳಿ’ಯಾಗುತ್ತದೆ. ಒಡೆಯನಿಗಾಗಿ ಸಮಯ ಬಂದಾಗ ಪ್ರಾಣವನ್ನೇ ಒಪ್ಪಿಸುವ ಪ್ರತಿಜ್ಞೆ ‘ವೇಳೆವಾಳಿ’. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭಶಾಸನವು ಇಮ್ಮಡಿ ಬಲ್ಲಾಳನ ಗರುಡನಾದ ಕುವರಲಕ್ಷ್ಮನ ಇಂತಹ ಆತ್ಮಬಲಿಯನ್ನು ದಾಖಲಿಸಿದೆ. ಈ ಪದಗಳು ಕೇವಲ ಕವಿಕಲ್ಪನೆಯಲ್ಲ ಎಂಬುದಕ್ಕೆ ಅದೇ ಸಾಕ್ಷಿ.

3. ಒರೆಗಲ್ಲು

ಒಂಬತ್ತನೆಯ ಆಶ್ವಾಸದಲ್ಲಿ ಕೃಷ್ಣನೂ ಕುಂತಿಯೂ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುತ್ತಾರೆ. ಯಾವ ಕುಲವಿಲ್ಲವೆಂದು ಅವನನ್ನು ತಡೆಯಲಾಗಿತ್ತೋ ಅದೇ ಕುಲ ಈಗ ಕೈಗೆಟುಕುವಂತಿದೆ. ಜೊತೆಗೆ ರಾಜ್ಯವೂ ಇದೆ. ಜೋಳದ ಪಾಳಿಗೆ ತಪ್ಪಲಾರದೆ ಅವನು ಎರಡನ್ನೂ ಒಲ್ಲೆನೆನ್ನುತ್ತಾನೆ.

ಹತ್ತನೆಯ ಆಶ್ವಾಸದಲ್ಲಿ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ ಕರ್ಣನು ಆ ಮುದುಕನನ್ನು ಹೀನೈಸುತ್ತಾನೆ. ಮಾತಿನಲ್ಲಿ ಕುಲವೇ ತೋರಿತೆಂದು ದ್ರೋಣನು ಜರಿಯುತ್ತಾನೆ. ಛಲ, ಗುಣ, ಅಭಿಮಾನ, ಪರಾಕ್ರಮಗಳೇ ಕುಲವೆಂಬುದು ಕರ್ಣನ ಉತ್ತರ. ಈ ಮಾತನ್ನು ಬಿಡಿಯಾಗಿ ಓದಿದರೆ ಕುಲವಿಲ್ಲದವನ ಸಮರ್ಥನೆಯಂತೆ ತೋರೀತು. ಆದರೆ ಆ ಹೊತ್ತಿಗೆ ಅವನು ತಾನು ಕುಂತಿಯ ಹಿರಿಯ ಮಗನೆಂಬುದನ್ನು ಬಲ್ಲ. ಒಂದೇ ಮಾತಿನಿಂದ ದ್ರೋಣನ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡದೆ ಕುಲವೆಂಬ ಅಳತೆಗೋಲನ್ನೇ ಅವನು ನಿರಾಕರಿಸುತ್ತಾನೆ. ಆಶ್ವಾಸಗಳ ಈ ಅನುಕ್ರಮವನ್ನು ಗಮನಿಸಿದಾಗ ಮಾತ್ರ ಆ ಉತ್ತರದ ತೂಕ ತಿಳಿಯುತ್ತದೆ.

ಆದರೂ ಪಂಪನು ಕರ್ಣನನ್ನು ನಿರ್ದೋಷಿಯೆಂದು ಚಿತ್ರಿಸಿಲ್ಲ. ಹಿರಿಯನನ್ನು ಹಳಿದದ್ದು ತಪ್ಪೇ. ಮುಂದೆ ಕರ್ಣನೇ ಭೀಷ್ಮನ ಕ್ಷಮೆ ಬೇಡುತ್ತಾನೆ. ಯೋಗ್ಯತೆಗೆ ಶೌರ್ಯದೊಡನೆ ವಿನಯವೂ ಬೇಕೆಂಬುದು ಇದರ ಧ್ವನಿ.

ಅಭ್ಯಾಸ

1. ಜೋಳವಾಳಿ ಮತ್ತು ವೇಳೆವಾಳಿಗಳ ವ್ಯತ್ಯಾಸವನ್ನು ವಿವರಿಸಿರಿ.
2. ಒಡೆಯನ ಪಕ್ಷ ಅಧರ್ಮದ್ದಾಗಿರುವಾಗಲೂ ಜೋಳದ ಪಾಳಿ ಧರ್ಮವೆನಿಸೀತೆ? ಕರ್ಣನ ಪಾತ್ರದ ಹಿನ್ನೆಲೆಯಲ್ಲಿ ಚರ್ಚಿಸಿರಿ.